ಬಾವಿ ಕಪ್ಪೆಗೆ ತುಪ್ಪ ಯಾಕೆ?

ಹೊಸ ಸೊಸೆ ಹೊಸ್ತಿಲ ಹೊರಗೆ ನಿಂತಿದ್ದಾಳೆ. ನಾದಿನಿಯರಿಬ್ಬರು ಬಾಗಿಲಿಗೆ ಕೈ ಅಡ್ಡ ಹಿಡಿದಿದ್ದಾರೆ. ‘ಹೆಸರು ಹೇಳ್ರಿ ವೈನಿ, ಹೇಳೋತನಕ ಒಳಗ ಬಿಡಂಗಿಲ್ಲ.’ ಹಿಂದೆ ನೆರೆಮನೆಯ ಹೆಂಗಸರ ಗುಂಪು, ಮುಂದೆ ಜೋಳ ತುಂಬಿದ ಸೇರು. ಗಂಡನ ಹೆಸರು ಬಾಯಲ್ಲಿ ಬರಬಾರದು ಎಂಬುದು ಹಿರಿಯರ ಕಟ್ಟಳೆ. ಬಾರದೆ ಬಾಗಿಲು ಬಿಡೆವು ಎಂಬುದು ನಾದಿನಿಯರ ಕಟ್ಟಳೆ. ಎರಡರ ನಡುವೆ ಸಿಕ್ಕ ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಎರಡು ಸಲ ಸುತ್ತಿ, ಬಿಚ್ಚಿ, ಒಂದೇ ಉಸಿರಿಗೆ ಹೇಳಿಬಿಡುತ್ತಾಳೆ:

‘ಬಾವ್ಯಾಗಿನ ಕಪ್ಪಿ ಬೇಡತಾದ ತುಪ್ಪ,
ಬಾಗಲದಾಗ ನಿಂತಾರ ನೋಡ್ರಿ ನಮ್ಮ ಮಲ್ಲಪ್ಪ!’

ಹೋ ಎಂದು ನಗು. ಅಡ್ಡ ಹಿಡಿದ ಕೈಗಳು ತಾವಾಗಿ ಇಳಿಯುತ್ತವೆ.

ಬಳಿಚಕ್ರದಂಥ ಯಾದಗಿರಿ ಸೀಮೆಯ ಊರಲ್ಲಿ ಮದುವೆ ಉಂಡವರಿಗೆ ಹೀಗೆ ಪ್ರಾಸದಲ್ಲಿ ಹೆಸರು ಹೇಳುವ ಒಡಪು ಹೊಸದಲ್ಲ. ಆದರೆ ಆ ಗದ್ದಲದಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಬಾವಿ ಕಪ್ಪೆಗೆ ತುಪ್ಪ ಯಾಕೆ? ಉತ್ತರ ಸುಲಭ: ಗಂಡನ ಹೆಸರು ಮಲ್ಲಪ್ಪ, ಅದಕ್ಕೆ. ಅವನು ಬಸವರಾಜನಾಗಿದ್ದರೆ ಪಾಪದ ಕಪ್ಪೆ ತುಪ್ಪದ ವಾಸನೆಯನ್ನೂ ಕಾಣುತ್ತಿರಲಿಲ್ಲ. ಹೆಸರು ಪ್ರಾಸವನ್ನು ಕರೆಯಿತು, ಪ್ರಾಸ ತುಪ್ಪವನ್ನು ಕರೆಯಿತು, ತುಪ್ಪ ಬಂದ ಮೇಲೆ ಬೇಡಲು ಒಬ್ಬರು ಬೇಕಲ್ಲ, ಕಪ್ಪೆ ಬಂತು.

ಇಂಗ್ಲಿಷಿನವರು ಇದೇ ಆಟವನ್ನು ಐದು ಸಾಲಿನಲ್ಲಿ ಆಡುತ್ತಾರೆ. ಅದರ ಹೆಸರು ಲಿಮರಿಕ್; ಐರ್ಲೆಂಡಿನಲ್ಲಿ ಆ ಹೆಸರಿನ ಊರೂ ಇದೆ. ಅದನ್ನು ಮನೆಮಾತಾಗಿಸಿದವನು ಎಡ್ವರ್ಡ್ ಲಿಯರ್. 1812ರಲ್ಲಿ ಹುಟ್ಟಿ 1888ರಲ್ಲಿ ತೀರಿಕೊಂಡ ಈತ ಕಸುಬಿನಿಂದ ಚಿತ್ರಕಾರ. ಗಿಳಿಗಳ ಚಿತ್ರ ಬರೆದು ಹೆಸರಾದ. ರಾಣಿ ವಿಕ್ಟೋರಿಯಾಗೂ ಚಿತ್ರ ಬರೆಯಲು ಕಲಿಸಿದ. ಸಿರಿವಂತರೊಬ್ಬರ ಮನೆಯ ಮಕ್ಕಳನ್ನು ನಗಿಸಲೆಂದು ಹೆಣೆದ ಪದ್ಯಗಳನ್ನು 1846ರಲ್ಲಿ ಪುಸ್ತಕ ಮಾಡಿ, ತನ್ನ ಹೆಸರು ಹಾಕಿಕೊಳ್ಳದೆ ಅಚ್ಚು ಹಾಕಿಸಿದ. ಹೆಸರು ಹೇಳಲು ನಾಚಿಕೊಂಡವರಲ್ಲಿ ಅವನೂ ಒಬ್ಬ.

1873ರ ಕೊನೆಗೆ ನಮ್ಮ ದೇಶಕ್ಕೂ ಬಂದು ಒಂದು ವರ್ಷಕ್ಕೂ ಹೆಚ್ಚು ಕಾಲ ತಿರುಗಿದ. ಇಲ್ಲಿ ಕಿವಿಗೆ ಬಿದ್ದ ಪದಗಳನ್ನು ಅರ್ಥ ಕೇಳದೆ ಎತ್ತಿಕೊಂಡು ಒಂದು ಪದ್ಯ ಬರೆದ. ಅದರಲ್ಲಿ ಕಮರ್‌ಬಂದ್ ಎಂದರೆ ಮನುಷ್ಯರನ್ನು ನುಂಗುವ ರಾಕ್ಷಸ. ಧೋಬಿ ಎಂದರೆ ಹೆಂಗಸೊಬ್ಬಳು ಕೂತು ಸಂಜೆಯ ಚುಕ್ಕಿ ನೋಡುವ ಆಸನ. ಚಪರಾಸಿಗಳು ಹೊನ್ನ ಬಣ್ಣದ ಮೀನುಗಳಾಗಿ ನೀರಲ್ಲಿ ಈಜುತ್ತಾರೆ. ನಿಜಾಮನ ಕಾಲದ ಕಚೇರಿ ಮಾತು ಇನ್ನೂ ಬಾಯಲ್ಲಿ ಉಳಿದಿರುವ ನಮ್ಮ ಸೀಮೆಯವರಿಗೆ ಈ ಪದ್ಯ ಲಂಡನ್ನಿನವರಿಗಿಂತ ಹೆಚ್ಚು ನಗು ತರಿಸೀತು. ತಹಶೀಲ್ ಕಚೇರಿಯ ಚಪರಾಸಿ ಮೀನಾಗಿ ಈಜುವುದನ್ನು ಒಮ್ಮೆ ನೆನೆಸಿಕೊಳ್ಳಿ.

ಲಿಮರಿಕ್ಕಿನ ಕಟ್ಟು ಬಿಗಿ. ಒಂದು, ಎರಡು, ಐದನೆಯ ಸಾಲು ಉದ್ದ, ಅವಕ್ಕೆ ಒಂದು ಪ್ರಾಸ. ಮೂರು, ನಾಲ್ಕು ಗಿಡ್ಡ, ಅವಕ್ಕೆ ಬೇರೆ ಪ್ರಾಸ. ಮೊದಲ ಸಾಲಿನ ಕೊನೆಗೆ ಸಾಮಾನ್ಯವಾಗಿ ಊರಿನ ಹೆಸರು. ಅಲ್ಲಿಂದ ಮುಂದಿನ ಹಣೆಬರಹವನ್ನೆಲ್ಲ ಆ ಊರೇ ಬರೆಯುತ್ತದೆ. ಕೈಯಾರೆ ಮಾಡಿ ನೋಡೋಣವೆಂದು ನಮ್ಮ ಬಳಿಚಕ್ರವನ್ನೇ ಹಿಡಿದೆ:

ಮುದುಕನೊಬ್ಬ ಇದ್ದನಂತೆ, ಊರು ಬಳಿಚಕ್ರ,
ಮೂಗು ನೇರ, ಮಾತು ನೇರ, ಮೀಸೆ ಮಾತ್ರ ವಕ್ರ;
ಎಡಕೆ ಹೋಯ್ತು ಮೀಸೆ,
ಬಲಕೆ ಬರುವ ಆಸೆ,
ನಡುವೆ ಬಾಯಿ ತೆರೆದುಕೊಂಡು ಭೀಮೆಹೊಳೆಯ ನಕ್ರ!

ಹಾಡುವಾಗ ‘ಬಳಿ’ಯನ್ನು ತುಸು ಎಳೆಯಬೇಕು, ಇಲ್ಲದಿದ್ದರೆ ಒಂದು ಮಾತ್ರೆ ಕಮ್ಮಿ ಬೀಳುತ್ತದೆ. ಊರಿನ ಹೆಸರಿಗೆ ಅಷ್ಟು ಮರ್ಯಾದೆ ಕೊಡಲೇಬೇಕು. ಉಳಿದಂತೆ ಲೆಕ್ಕ ಸರಿಯಿದೆ, ಅರ್ಥ ಮಾತ್ರ ಊರುಬಿಟ್ಟಿದೆ. ಮುದುಕ ಶಹಾಪುರದವನೋ ಸುರಪುರದವನೋ ಆಗಿದ್ದರೆ ‘ಚತುರ’, ‘ಆತುರ’ಗಳ ಗೋಜಿಗೆ ಸಿಕ್ಕು ಏನೋ ಆಗುತ್ತಿದ್ದ, ಮೊಸಳೆಯ ಬಾಯಿಗಂತೂ ಬೀಳುತ್ತಿರಲಿಲ್ಲ. ಬಳಿಚಕ್ರದಲ್ಲಿ ಹುಟ್ಟಿದ್ದೇ ಅವನ ತಪ್ಪು.

ಪ್ರಾಸದ ಹುಚ್ಚು ನಮಗೆ ಹೊರಗಿನಿಂದ ಬಂದದ್ದಲ್ಲ. ಪಕ್ಕದ ಸೇಡಂ ಸೀಮೆಯ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಷ್ಟು ಹಿಂದೆಯೇ ‘ಕವಿರಾಜಮಾರ್ಗ’ ಪ್ರಾಸದ ಒಳ್ಳೆಯದು ಕೆಟ್ಟದ್ದನ್ನು ಕೂತು ಚರ್ಚಿಸಿತು. ಆಗಿನದು ಸಾಲಿನ ಎರಡನೆಯ ಅಕ್ಷರದ ಆದಿಪ್ರಾಸ. ಛಂದಸ್ಸಿನವರು ಅದನ್ನು ಆರು ಬಗೆ ಮಾಡಿ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಹೆಸರಿಟ್ಟರು. ಅನುಸ್ವಾರ ಬಂದರೆ ಎತ್ತು, ವಿಸರ್ಗ ಬಂದರೆ ಆಡು, ಒತ್ತಕ್ಷರ ತನ್ನದೇ ಆದರೆ ಕುದುರೆ, ಬೇರೆಯದಾದರೆ ಶರಭ! ‘ಚಕ್ರ’, ‘ವಕ್ರ’, ‘ನಕ್ರ’ ಸಾಲಿನ ಮೊದಲಿಗೆ ಬಂದಿದ್ದರೆ ಶರಭಪ್ರಾಸವಾಗುತ್ತಿತ್ತು. ಶರಭವೆಂದರೆ ಪುರಾಣದ ಎಂಟು ಕಾಲಿನ ಮೃಗ, ಯಾರೂ ಕಂಡದ್ದಲ್ಲ. ವ್ಯಾಕರಣ ಓದುವ ಗಂಭೀರ ಮುಖಗಳ ನಡುವೆ ಅದು ಸಾವಿರ ವರ್ಷ ಓಡಾಡಿಕೊಂಡಿದೆ. ಲಿಯರ್ ಕಂಡಿದ್ದರೆ ಕೂಡಲೇ ಚಿತ್ರ ಬರೆದುಕೊಳ್ಳುತ್ತಿದ್ದ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸಕ್ಕೆ ಶರಣು ಹೊಡೆದು, ಅದನ್ನು ಬಿಟ್ಟು ಪದ್ಯ ಬರೆದರು. ಗಂಭೀರ ಕಾವ್ಯ ಹಗುರಾಯಿತು. ಒಡಪಿನ ಹೆಂಗಸರು ಮಾತ್ರ ಪ್ರಾಸ ಬಿಡಲಿಲ್ಲ. ಬಿಟ್ಟರೆ ಬಾಗಿಲು ತೆರೆಯದಲ್ಲ!

ಕನ್ನಡದಲ್ಲಿ ನಗಿಸುವ ಗಿಡ್ಡ ಪದ್ಯಕ್ಕೆ ಬರವಿಲ್ಲ. ದಿನಕರ ದೇಸಾಯಿಯವರ ಚುಟುಕ ನಾಲ್ಕೇ ಸಾಲು, ಆದರೆ ಅದಕ್ಕೆ ಗುರಿ ಇದೆ. ಪುಢಾರಿಯನ್ನೋ ಡಾಂಭಿಕನನ್ನೋ ಚಿವುಟಿಯೇ ಅದು ಕೆಳಗಿಳಿಯುವುದು. ಅರ್ಥವಿಲ್ಲದಂತೆ ಕಾಣುವ ಮಾತಿಗೂ ಬರವಿಲ್ಲ. ಶರೀಫರ ಪದದಲ್ಲಿ ಕೋಳಿಯೇ ಕೋತಿಯನ್ನು ನುಂಗುತ್ತದೆ. ನಮ್ಮ ಜಿಲ್ಲೆಯದೇ ಆದ ಕೊಡೇಕಲ್ಲ ಬಸವಣ್ಣನ ಕಾಲಜ್ಞಾನವೂ ಒಗಟಿನಂಥ ಮಾತು. ಆದರೆ ಅವಕ್ಕೆಲ್ಲ ಬೀಗವಿದೆ, ಬೀಗಕ್ಕೆ ಕೀಲಿಯಿದೆ. ಗುರು ಕೀಲಿ ಕೊಟ್ಟರೆ ಒಳಗೆ ಅರ್ಥ ಕೂತಿರುತ್ತದೆ. ಲಿಮರಿಕ್ಕಿನ ಮೊಸಳೆಯನ್ನೂ ಒಡಪಿನ ಕಪ್ಪೆಯನ್ನೂ ಎಷ್ಟು ಬಿಚ್ಚಿದರೂ ಒಳಗೆ ಮಾಯೆಯಿಲ್ಲ, ಜೀವಾತ್ಮನಿಲ್ಲ, ಬರೀ ಮೊಸಳೆ, ಬರೀ ಕಪ್ಪೆ.

ಹಾಗಾದರೆ ಅವುಗಳಿಂದ ಆಗುವ ಕೆಲಸವೇನು? ಲಿಯರನ ಪದ್ಯಗಳಲ್ಲಿ ಮತ್ತೆ ಮತ್ತೆ ಬರುವ ‘ಅವರು’ ಎಂಬ ಗುಂಪನ್ನು ನೋಡಬೇಕು. ‘ಅವರು’ ಎಂದರೆ ಊರ ಮಂದಿ. ಒಬ್ಬ ಮುದುಕ ಕಾಗೆಯ ಜೊತೆ ಕುಣಿದರೆ ‘ಅವರು’ ಅವನನ್ನು ಜಜ್ಜಿ ಹಾಕುತ್ತಾರೆ. ಇನ್ನೊಬ್ಬ ದಿನವಿಡೀ ಜಾಗಟೆ ಬಾರಿಸಿದರೆ ಅವನಿಗೂ ಅದೇ ಗತಿ. ಮಕ್ಕಳು ನಗುತ್ತವೆ, ದೊಡ್ಡವರು ಮಾತ್ರ ತುಸು ತಡೆದು ನಗುತ್ತಾರೆ. ಲಿಯರನಿಗೆ ಚಿಕ್ಕಂದಿನಿಂದ ಮೂರ್ಛೆರೋಗವಿತ್ತು. ಅದು ಹೊರಗೆ ತಿಳಿದರೆ ‘ಅವರು’ ಏನೆಂದಾರೋ ಎಂದು ಬದುಕಿಡೀ ಬಚ್ಚಿಟ್ಟುಕೊಂಡ. ಹೇಳಲಾಗದ್ದೊಂದನ್ನು ಒಳಗಿಟ್ಟುಕೊಂಡವನು ಅರ್ಥವಿಲ್ಲದ್ದನ್ನು ಅಷ್ಟು ಚೆಂದ ಹೇಳಿದ.

ನಮ್ಮ ಹೊಸ್ತಿಲ ಹೊರಗೆ ನಿಂತ ಹುಡುಗಿಯದೂ ಅದೇ ಪಾಡು. ಅವಳ ಎದುರಿಗೂ ‘ಅವರು’ ನಿಂತಿದ್ದಾರೆ, ಕೈ ಅಡ್ಡ ಹಿಡಿದು. ಅವಳ ಬಾಯಲ್ಲೂ ಹೇಳಬಾರದ್ದೊಂದಿದೆ. ನೇರ ಹೇಳಿದರೆ ಸೊಕ್ಕು ಎಂದಾರು, ಹೇಳದಿದ್ದರೆ ಒಳಗೆ ಬಿಡರು. ಆಗ ಕಪ್ಪೆ ನೆರವಿಗೆ ಬರುತ್ತದೆ. ಮಂದಿ ಕಪ್ಪೆಯ ಆಸೆಗೆ ನಗುತ್ತಿರುವಾಗ ಅದರ ಬೆನ್ನಿಗೇ ಹೆಸರು ದಾಟಿಹೋಗುತ್ತದೆ. ಹೇಳಿದವಳು ಅವಳಲ್ಲ, ಪ್ರಾಸ ಹೇಳಿಸಿತು! ಲಿಯರನ ಊರವರು ಜಜ್ಜಿದರು, ಬಳಿಚಕ್ರದ ನಾದಿನಿಯರು ಕೈ ಇಳಿಸಿದರು. ಇಷ್ಟು ವ್ಯತ್ಯಾಸ ಸಾಕು ನಮ್ಮ ಕಡೆಯ ತಮಾಷೆ ಮೆಚ್ಚಲು.

ಮಗು ತಲೆಬುಡವಿಲ್ಲದ ಪ್ರಾಸ ಕಟ್ಟಿಕೊಂಡು ಮನೆ ತುಂಬ ಕಿರುಚಾಡಿದರೆ ‘ಅದರ ಅರ್ಥ ಏನು ಹೇಳು’ ಎಂದು ಗದರಬೇಡಿ. ಅದು ಯಾವುದೋ ಹೊಸ್ತಿಲ ಮುಂದೆ ನಿಂತಿರಬಹುದು. ಕೇಳಲೇಬೇಕಿದ್ದರೆ ‘ಆಮೇಲೆ ಏನಾಯ್ತು’ ಎಂದು ಕೇಳಿ. ಸೇರು ಉರುಳಿತು, ಜೋಳ ಚೆಲ್ಲಿತು, ಹುಡುಗಿ ಒಳಗೆ ಬಂದಳು. ಕಪ್ಪೆ ಇನ್ನೂ ತುಪ್ಪ ಕೇಳುತ್ತಲೇ ಇದೆ.