ಅದೃಷ್ಟಚೀಟಿಯೂ ದಾನವೂ

ಸಪ್ತವ್ಯಸನಗಳ ಗಣನೆಯಲ್ಲಿ ದ್ಯೂತಕ್ಕೆ ಮೊದಲ ಸ್ಥಾನ. ಧರ್ಮರಾಯನ ಕಥೆಯನ್ನು ಬಲ್ಲ ಶ್ರಾವಕರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದ್ಯೂತವು ದಾನದ ವೇಷ ತೊಟ್ಟು, ಅದೂ ಮಕ್ಕಳ ಕೈಯಲ್ಲಿ, ಮನೆಬಾಗಿಲಿಗೆ ಬಂದಾಗ ಅದನ್ನು ಗುರುತಿಸುವುದು ಸುಲಭವಲ್ಲ.

ಅಮೆರಿಕದ ಶಾಲೆಗಳಲ್ಲಿ ಕ್ರೀಡಾತಂಡಗಳ ಪ್ರಯಾಣ, ಸಮವಸ್ತ್ರಗಳ ವೆಚ್ಚಕ್ಕಾಗಿ ‘ರ‍್ಯಾಫಲ್’ ನಡೆಸುವ ರೂಢಿಯುಂಟು. ಚೀಟಿಗಳನ್ನು ಮಾರಿ, ಕೊನೆಗೆ ಒಂದನ್ನು ಎತ್ತಿ, ಅದನ್ನು ಕೊಂಡವನಿಗೆ ಬಹುಮಾನ ಕೊಡುತ್ತಾರೆ. ಉಳಿದ ಹಣ ತಂಡಕ್ಕೆ ಸೇರುತ್ತದೆ. ಯೂಟಾ ರಾಜ್ಯದ ಸಂವಿಧಾನ ಇಂಥದಕ್ಕೆ ಆಸ್ಪದವನ್ನೇ ಕೊಟ್ಟಿಲ್ಲ. ಕ್ಯಾಲಿಫೋರ್ನಿಯದಲ್ಲಿ 2000ನೆಯ ಇಸವಿಯಲ್ಲಿ ಮತದಾರರು ಸಂವಿಧಾನದ ತಿದ್ದುಪಡಿಗೆ ಒಪ್ಪಿದ ಮೇಲೆ ಧರ್ಮಾರ್ಥ ರ‍್ಯಾಫಲ್‌ಗಳಿಗೆ ದಾರಿಯಾಯಿತು. ಆದರೂ ಕಟ್ಟುಪಾಡುಗಳು ಹಲವು. ಸಂಸ್ಥೆಯು ಅಟಾರ್ನಿ ಜನರಲ್ ಅವರಲ್ಲಿ ನೋಂದಣಿ ಮಾಡಿಸಬೇಕು; ಒಟ್ಟು ವಸೂಲಿಯ ಶೇಕಡ 90 ಭಾಗ ಸತ್ಕಾರ್ಯಕ್ಕೇ ಸಲ್ಲಬೇಕು; ಚೀಟಿ ಎತ್ತುವಾಗ 18 ವರ್ಷ ತುಂಬಿದವರ ಮೇಲ್ವಿಚಾರಣೆ ಇರಬೇಕು. ವೃತ್ತಿಪರ ಕ್ರೀಡಾತಂಡಗಳ ಪ್ರತಿಷ್ಠಾನಗಳಿಗಾದರೋ, ವಸೂಲಾದ ಹಣದ ಅರ್ಧವನ್ನು ಗೆದ್ದವನಿಗೇ ಕೊಡುವ ರ‍್ಯಾಫಲ್‌ಗೆ ಪ್ರತ್ಯೇಕ ಅನುಮತಿಯಿದೆ. ಶಾಲೆಯ ಮಕ್ಕಳಿಗೆ ಬಿಗಿ, ಸಿರಿವಂತ ತಂಡಗಳಿಗೆ ಸಡಿಲ!

ಇದೇ ರಾಜ್ಯದ ಮಿಲ್ಪಿಟಾಸ್ ನಗರದಲ್ಲಿ ದಿಗಂಬರ, ಶ್ವೇತಾಂಬರ ಪ್ರತಿಮೆಗಳೆರಡೂ ಇರುವ ಜಿನಮಂದಿರವಿದೆ. ಅಲ್ಲಿಗೆ ದರ್ಶನಕ್ಕೆ ಹೋಗುವ ಮನೆಯೊಂದರಲ್ಲಿ, ಈಜುತಂಡದ ಹತ್ತು ಚೀಟಿಗಳನ್ನು ಹಿಡಿದ ಮೊಮ್ಮಗಳು, ಸಪ್ತವ್ಯಸನ ತ್ಯಾಗದ ನಿಯಮವುಳ್ಳ ಅಜ್ಜನ ಮುಂದೆ ಬಂದು ನಿಂತಳೆಂದು ಭಾವಿಸಬಹುದು. ಕಾನೂನು ಒಪ್ಪಿದ ಚೀಟಿ, ಒಳ್ಳೆಯ ಉದ್ದೇಶ, ಅಲ್ಪ ಬೆಲೆ. ಅಜ್ಜ ಕೊಳ್ಳಬಹುದೆ?

ಅನುಗ್ರಹಕ್ಕಾಗಿ ತನ್ನ ವಸ್ತುವನ್ನು ತ್ಯಜಿಸುವುದು ದಾನವೆಂಬುದು ಉಮಾಸ್ವಾಮಿ ಆಚಾರ್ಯರ ಅಭಿಪ್ರಾಯ. ಮಾಯಾ, ಮಿಥ್ಯಾ, ನಿದಾನಗಳೆಂಬ ಶಲ್ಯಗಳಿಲ್ಲದವನೇ ವ್ರತಿಯೆಂದೂ ಅವರು ತಿಳಿಸಿದ್ದಾರೆ. ಚೀಟಿಯನ್ನು ಕೊಂಡವನು ಹಣವನ್ನು ಬಿಟ್ಟನಾದರೂ ಅದರ ಹಿಂದೆ ಒಂದು ಆಸೆಯನ್ನು ಕಟ್ಟಿ ಕಳುಹಿಸಿದ್ದಾನೆ. ಅದು ನಿದಾನದ ನೆರಳು. ಅದನ್ನು ದಾನವೆಂದು ಕರೆದುಕೊಂಡರೆ ಮಾಯೆಯೂ ಸೇರಿತು. ಸೋಜಿಗವೆಂದರೆ ಅಮೆರಿಕದ ಆದಾಯತೆರಿಗೆಯ ನಿಯಮವೂ ಇದೇ ಅಭಿಪ್ರಾಯದ್ದು: ರ‍್ಯಾಫಲ್ ಚೀಟಿಗೆ ತೆತ್ತ ಹಣಕ್ಕೆ ದಾನದ ರಿಯಾಯಿತಿ ಇಲ್ಲ.

“ಬಹುಮಾನದ ಆಸೆ ನನಗಿಲ್ಲ, ಮಕ್ಕಳಿಗಾಗಿ ಕೊಂಡೆ” ಎನ್ನುವವರುಂಟು. ಆಸೆಯಿಲ್ಲದವನಿಗೆ ಚೀಟಿಯಿಂದ ಆಗಬೇಕಾದುದೇನು? ಹಣವನ್ನು ಕೊಟ್ಟು ಚೀಟಿಯನ್ನು ಹಿಂದಿರುಗಿಸಲಿ. ಹಿಂದಿರುಗಿಸುವಾಗ ಕೈ ತುಸು ತಡೆದರೆ ಶಲ್ಯವೆಲ್ಲಿ ನಟ್ಟಿದೆಯೆಂಬುದು ಅವನಿಗೇ ತಿಳಿಯುತ್ತದೆ. (ಅಭಿಷೇಕದ ಕಲಶಗಳ ಸವಾಲಿನಲ್ಲಿ ಅದೃಷ್ಟದ ಮಾತಿಲ್ಲ, ನಿಜ, ಆದರೆ ಹೆಸರಿನ ಆಸೆಯಿಂದ ಕೂಗುವವರೂ ಇಲ್ಲಿ ತಮ್ಮ ಕೈಯನ್ನು ನೋಡಿಕೊಳ್ಳಬಹುದು.)

ಬಾಲಕಿಯ ವಿಷಯ ಇದಕ್ಕಿಂತ ಕಠಿಣ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳಲ್ಲಿ ಅಜ್ಜ ಮೊದಲನೆಯದನ್ನು ಮುಚ್ಚಿದರೂ, ಮೊಮ್ಮಗಳು ನೆರೆಯವರಿಗೆ ಚೀಟಿ ಮಾರುವಾಗ ಉಳಿದೆರಡು ತೆರೆದೇ ಇರುತ್ತವೆ. ಮಾರಬೇಡವೆಂದರೆ ಗೆಳತಿಯರ ಪಾಲಿನ ಹಣ ಕಡಿಮೆಯಾಗುತ್ತದೆ. ಅವರಲ್ಲಿ ಪ್ರಯಾಣದ ವೆಚ್ಚವನ್ನು ಭರಿಸಲಾರದ ಮನೆಯ ಮಗುವೂ ಇರಬಹುದು. ತನ್ನ ನಿಯಮದ ಶುದ್ಧಿಗಾಗಿ ಆ ಮಗುವಿಗೆ ನಷ್ಟವನ್ನುಂಟುಮಾಡುವುದು ದಯೆಯೆನಿಸುವುದಿಲ್ಲ.

ಆದುದರಿಂದ ಮನೆಯವರು ಹತ್ತು ಚೀಟಿಗಳ ಬೆಲೆಯನ್ನೂ ತಾವೇ ತೆತ್ತು, ರಸೀದಿಯನ್ನು ಮಾತ್ರ ಪಡೆದು, ಚೀಟಿಗಳನ್ನು ಹಾಗೆಯೇ ತಂಡದ ಶಿಕ್ಷಕರಿಗೆ ಒಪ್ಪಿಸುವುದು ಯುಕ್ತ. ಅಷ್ಟು ಹಣ ಹೊರೆಯಾದರೆ ಅಷ್ಟಮಿ, ಚತುರ್ದಶಿಗಳಲ್ಲಿ ಮನೆಮಂದಿ ಏಕಾಶನವನ್ನೋ ಉಪವಾಸವನ್ನೋ ಕೈಗೊಂಡು, ಅಂದಿನ ಅಡುಗೆಯ ಖರ್ಚನ್ನು ಎತ್ತಿಡಬಹುದು. ಆ ಡಬ್ಬಿಗೆ ಬಾಲಕಿಯೂ ತನ್ನ ತಿಂಡಿಯ ಕಾಸನ್ನು ಹಾಕಲಿ. ಎಣಿಸುವ ಕೆಲಸವೂ ಅವಳದೇ ಆಗಲಿ.