ನಿರವಯವಕ್ಕೆ ವಿಸ್ತಾರವುಂಟೆ?

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರನ ಗುಡಿಯ ಮುಂದೆ ನಿಂತಿರುವ ಎಂಟು ಮುಖಗಳ ಶಿಲಾಸ್ತಂಭವು, ಆ ಅಗ್ರಹಾರದ ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಅಧ್ಯಯನಾರ್ಥವಾಗಿ ಹೊರಟನೆಂಬುದನ್ನು ಕವಿ ಕುಬ್ಜನ ಸಂಸ್ಕೃತದಲ್ಲಿ ಹೇಳುತ್ತದೆ. ಅಲ್ಲಿ ಪಲ್ಲವರೊಡನೆ ಕಲಹವಾಗಿ ಅವನು ಖಡ್ಗವನ್ನು ಹಿಡಿದುದನ್ನೇ ನಮ್ಮ ಚರಿತ್ರೆ ಹೆಚ್ಚಾಗಿ ನೆನೆಯುತ್ತದೆ. ನನಗಾದರೋ ಅವನು ಅರ್ಧದಲ್ಲಿ ಬಿಟ್ಟ ವಿದ್ಯೆಯ ಕಡೆಗೇ ಮನಸ್ಸು ಹರಿಯುತ್ತದೆ. ಏಕೆಂದರೆ, ಮಯೂರಶರ್ಮನ ವಂಶದ ದೊರೆ ಶಾಂತಿವರ್ಮನ ಆಜ್ಞೆಯಿಂದ ಆ ಶಾಸನ ಕಲ್ಲಿಗೇರಿದ ಐದನೆಯ ಶತಮಾನದ ಆಸುಪಾಸಿನಲ್ಲಿಯೇ, ಭರತಖಂಡದ ವಿದ್ವತ್ಸಭೆಗಳಲ್ಲಿ ಒಂದು ಸೂಕ್ಷ್ಮವಾದ ವಿವಾದ ನಡೆದಿತ್ತು: ಜಗತ್ತಿನ ಅತ್ಯಂತ ಕಿರಿಯ ವಸ್ತುವಿಗೆ ವಿಸ್ತಾರವುಂಟೆ, ಇಲ್ಲವೆ?

ಆ ಸ್ತಂಭವನ್ನೇ ಮನಸ್ಸಿನಲ್ಲಿ ಒಡೆಯುತ್ತ ಹೋಗೋಣ. ಒಡೆಯುವುದಕ್ಕೆ ಕೊನೆಯೇ ಇಲ್ಲವೆಂದರೆ, ಮೇರುಪರ್ವತಕ್ಕೂ ಸಾಸಿವೆಕಾಳಿಗೂ ಅವಯವಗಳು ಸಮಾನವಾಗಿ ಅನಂತವೇ ಆಗಿ, ಗಾತ್ರಭೇದಕ್ಕೆ ಕಾರಣವೇ ಉಳಿಯದು. ಆದುದರಿಂದ ಎಲ್ಲಿಯಾದರೂ ನಿಲ್ಲಬೇಕು, ನಿಂತಲ್ಲಿರುವುದು ನಿರವಯವವಾದ ಪರಮಾಣು ಎಂದರು ವೈಶೇಷಿಕರು. ಬೌದ್ಧ ದಾರ್ಶನಿಕನಾದ ವಸುಬಂಧು ಇದನ್ನು ಒಪ್ಪಲಿಲ್ಲ. ಒಂದು ಪರಮಾಣುವನ್ನು ಆರು ದಿಕ್ಕುಗಳಿಂದ ಆರು ಪರಮಾಣುಗಳು ಮುಟ್ಟಿದರೆ ಅದಕ್ಕೆ ಆರು ಪಾರ್ಶ್ವಗಳಿರಲೇಬೇಕು. ಆರೂ ಒಂದೇ ಎಡೆಯಲ್ಲಿ ಸೇರಿದರೆ ಪಿಂಡವು ಪರಮಾಣುವಿಗಿಂತ ದೊಡ್ಡದಾಗದು. ಶಂಕರಾಚಾರ್ಯರೂ ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಇದೇ ಮರ್ಮಸ್ಥಾನವನ್ನು ಹಿಡಿದರು: ಅಣುಗಳು ಕೂಡುವುದು ಸರ್ವಾಂಶದಿಂದಲೋ, ಏಕದೇಶದಿಂದಲೋ? ಇವರೆಲ್ಲರೂ, ಪರಸ್ಪರ ವಿರೋಧಿಗಳಾಗಿದ್ದರೂ, ಒಂದು ಮಾತನ್ನು ಸಂದೇಹಿಸದೆ ಅಂಗೀಕರಿಸಿದ್ದರು: ವಿಸ್ತಾರವಿದ್ದುದಕ್ಕೆಲ್ಲ ಅವಯವಗಳಿರಬೇಕು. ಆಧುನಿಕ ಭೌತಶಾಸ್ತ್ರದ ಶ್ರಮವು ಕಡೆಗೆ ಸಡಿಲಿಸಿದ್ದು ಈ ಗಂಟನ್ನೇ ಎಂದು ನಾನು ತಿಳಿಯುತ್ತೇನೆ.

ಎಲೆಕ್ಟ್ರಾನನ್ನು ಗಣಿತದ ಬಿಂದುವೆಂದು ಭಾವಿಸಿದೊಡನೆ, ಅದರ ವಿದ್ಯುತ್‌ಕ್ಷೇತ್ರದಲ್ಲಿ ಅಡಗಿರುವ ಶಕ್ತಿಯು ಅನಂತವಾಗಿಬಿಡುತ್ತದೆ. ತ್ರಿಜ್ಯವು ಕುಗ್ಗಿದಂತೆಲ್ಲ ಶಕ್ತಿಯು ಹಿಗ್ಗುವುದೇ ಇದರ ಕಾರಣ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಬ್ರಹಾಂ, ಲೊರೆಂಟ್ಸ್ ಮುಂತಾದವರು ಅದನ್ನು ಪುಟ್ಟ ಗೋಳವೆಂದು ಕಲ್ಪಿಸಿದರು. ಆಗ ಬೇರೊಂದು ಸಂಕಟ ತಲೆದೋರಿತು: ಗೋಳದ ಭಾಗಗಳು ಸಜಾತೀಯ ವಿದ್ಯುತ್ತಾದುದರಿಂದ ಒಂದನ್ನೊಂದು ನೂಕುವುವು, ಅವು ಸಿಡಿದುಹೋಗದಂತೆ ಹಿಡಿದಿರುವುದು ಯಾವುದು? ಪ್ವಾಂಕರೆ ಅದಕ್ಕೆಂದೇ ಒಂದು ಒತ್ತಡವನ್ನು ಊಹಿಸಬೇಕಾಯಿತು. ಗೋಳವು ಸರ್ವಥಾ ಗಡುಸೆನ್ನೋಣವೆಂದರೆ, ಒಂದು ಬದಿಯನ್ನು ನೂಕಿದ ಕ್ಷಣವೇ ಇನ್ನೊಂದು ಬದಿಯೂ ಚಲಿಸಬೇಕು. ಬೆಳಕಿಗಿಂತ ವೇಗವಾದ ಇಂತಹ ಸಂದೇಶವನ್ನು ಸಾಪೇಕ್ಷತಾ ಸಿದ್ಧಾಂತವು ಸಹಿಸದು. ಬಿಂದುವೆಂದರೆ ಅನಂತದ ದೋಷ, ಗೋಳವೆಂದರೆ ಅವಯವದ ದೋಷ! ವಸುಬಂಧುವಿನ ಉಭಯಸಂಕಟವು ಸಮೀಕರಣಗಳ ವೇಷದಲ್ಲಿ ಮರಳಿ ಬಂದಿತ್ತು. 1940ರ ದಶಕದ ಕೊನೆಯಲ್ಲಿ ಟೊಮೊನಾಗ, ಶ್ವಿಂಗರ್, ಫೈನ್‌ಮನ್ ಇವರು ಬಿಂದುವನ್ನೇ ಇಟ್ಟುಕೊಂಡು ಅನಂತಗಳನ್ನು ವ್ಯವಸ್ಥಿತವಾಗಿ ನಿವಾರಿಸುವ ಗಣನಕ್ರಮವನ್ನು ಸಿದ್ಧಪಡಿಸಿದರು. ಡಿರಾಕ್‌ಗೆ ಅದರಿಂದ ಸಮಾಧಾನವಾಗದೆ, 1962ರಲ್ಲಿ ಅವರು ಎಲೆಕ್ಟ್ರಾನನ್ನು ಹಿಗ್ಗಿ ಕುಗ್ಗಬಲ್ಲ ಗುಳ್ಳೆಯಂತೆ ವರ್ಣಿಸಿ ನೋಡಿದರು.

ಅಷ್ಟರಲ್ಲಿ ಪ್ರಯೋಗವೂ ಮಾತನಾಡಿತ್ತು. 1950ರ ದಶಕದಲ್ಲಿ ಹಾಫ್‌ಸ್ಟಾಟರ್ ಎಲೆಕ್ಟ್ರಾನುಗಳನ್ನು ಪ್ರೋಟಾನುಗಳ ಮೇಲೆ ಹಾಯಿಸಿ, ಪ್ರೋಟಾನು ಬಿಂದುವಲ್ಲವೆಂದು ತೋರಿಸಿದರು. ಮೀಟರನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ, ಅಂತಹ ಒಂದು ಪಾಲಿನ ಸುಮಾರು 0.84ರಷ್ಟು ಅದರ ತ್ರಿಜ್ಯವೆಂದು ಈಗಿನ ಲೆಕ್ಕ. ಎಲೆಕ್ಟ್ರಾನಿನ ಗಾತ್ರವಾದರೋ ಇಂದಿಗೂ ಅಳತೆಗೆ ಸಿಕ್ಕಿಲ್ಲ. ಪ್ರೋಟಾನಿನೊಳಗೆ ಕ್ವಾರ್ಕುಗಳಿರುವುದು ದಿಟ. ಆದರೆ ಅವುಗಳಲ್ಲೊಂದನ್ನು ಹೊರಗೆಳೆಯಲು ವ್ಯಯಿಸಿದ ಶಕ್ತಿಯು ಹೊಸ ಕ್ವಾರ್ಕ್-ಪ್ರತಿಕ್ವಾರ್ಕ್ ಜೋಡಿಯಾಗಿ ಪರಿಣಮಿಸುವುದರಿಂದ, ಒಂಟಿ ಕ್ವಾರ್ಕು ಯಾರ ಕೈಗೂ ದೊರೆಯದು. ಅವಯವವುಂಟು, ವಿಭಾಗವಿಲ್ಲ: ಈ ಮೂರನೆಯ ಪಕ್ಷವನ್ನು ನಮ್ಮ ಪೂರ್ವಿಕ ವಾದಿಗಳು ಗಣಿಸಿರಲಿಲ್ಲ.

ಪ್ರೋಟಾನಿನ ಬಂಧುಗಳಾದ ಹ್ಯಾಡ್ರಾನುಗಳಲ್ಲಿ ಮತ್ತೊಂದು ನಿಯಮವೂ ಕಂಡುಬಂದಿತು: ಒಂದೇ ಕುಲದ ಕಣಗಳಲ್ಲಿ, ಭ್ರಮಣಗುಣವಾದ ಸ್ಪಿನ್ ಹೆಚ್ಚಿದಂತೆ ದ್ರವ್ಯರಾಶಿಯ ವರ್ಗವೂ ಹೆಚ್ಚುಕಡಿಮೆ ಸರಳರೇಖೆಯಲ್ಲಿ ಏರುತ್ತದೆ. ತಿರುಗುತ್ತ ಹಿಗ್ಗುವ ವಸ್ತುವಿಗೆ ಸಹಜವಾದ ಈ ನಡತೆ ಬರಿಯ ಬಿಂದುವಿಗೆ ಹೊಂದದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಮುಕುಂದ ಅವರು ವಾನ್ ಡಾಮ್, ಬೀಡೆನ್‌ಹಾರ್ನ್ ಇವರೊಡಗೂಡಿ 1982ರಲ್ಲಿ ಪ್ರಕಟಿಸಿದ ಗ್ರಂಥವು, ಇದೇ ದ್ರವ್ಯರಾಶಿ-ಸ್ಪಿನ್ ಸಂಬಂಧಕ್ಕೆ ಒಳಪಟ್ಟ ವಿಸ್ತೃತ ಹ್ಯಾಡ್ರಾನುಗಳ ಮಾದರಿಗಳನ್ನು ಸಾಪೇಕ್ಷತೆಗೆ ಚ್ಯುತಿಯಾಗದಂತೆ ಕಟ್ಟುವುದನ್ನು ವಿಚಾರಿಸುತ್ತದೆ. ನಮ್ಮ ನಾಡಿನಲ್ಲಿ ಅಣುವಿಚಾರಕ್ಕೆ ಹಳೆಯ ಭಾಷ್ಯಗಳಷ್ಟೇ ಅಲ್ಲ, ಹೊಸ ಕರ್ತೃಗಳೂ ಇದ್ದಾರೆಂಬುದು ನನಗೆ ಹೆಮ್ಮೆಯ ಸಂಗತಿ.

ಈ ಸರಳರೇಖೆಯ ರಹಸ್ಯವನ್ನು ಬೆನ್ನಟ್ಟಿದವರೇ ಸುಮಾರು 1970ರಲ್ಲಿ ತಂತು ಸಿದ್ಧಾಂತಕ್ಕೆ ಬಂದರು. ಮೂಲವಸ್ತುವು ಉದ್ದವುಳ್ಳ ಒಂದು ತಂತು. ಅದರ ಬೇರೆಬೇರೆ ಕಂಪನಗಳೇ ಬೇರೆಬೇರೆ ಕಣಗಳು. ಅದಕ್ಕೆ ಉದ್ದವಿದ್ದರೂ ಅದು ಇನ್ನೂ ಚಿಕ್ಕ ಕಣಗಳನ್ನು ಪೋಣಿಸಿದ ಸರವಲ್ಲ. ಪ್ರಯೋಗದ ಪ್ರಮಾಣವು ಈ ಸಿದ್ಧಾಂತಕ್ಕೆ ಇನ್ನೂ ಲಭಿಸಿಲ್ಲ. ಆದರೂ ಸರ್ವಾಂಶದಿಂದಲೋ ಏಕದೇಶದಿಂದಲೋ ಎಂಬ ಪ್ರಶ್ನೆಗೆ ಅದು ಕೊಡುವ ಉತ್ತರವು ಅಪೂರ್ವವಾದುದು. ಎರಡು ತಂತುಗಳು ಕೂಡಿ ಒಂದಾಗುವಾಗ, ಅವು ಮೊದಲು ಮುಟ್ಟಿದ ಎಡೆಯು ಇಂಥದೇ ಎಂದು ಎಲ್ಲರಿಗೂ ಸಮಾನವಾಗಿ ನಿರ್ಧರಿಸಲಾಗದು. ಬೇರೆಬೇರೆ ವೇಗದಲ್ಲಿ ಚಲಿಸುವ ದ್ರಷ್ಟೃಗಳು ಬೇರೆಬೇರೆ ಎಡೆಯನ್ನು ತೋರಿಸುವರು. ಸಂಯೋಗವುಂಟು, ಸಂಯೋಗದ ನಿಯತ ಬಿಂದುವಿಲ್ಲ. ಬಿಂದುವಿನಲ್ಲಿ ಹುಟ್ಟುತ್ತಿದ್ದ ಅನಂತಗಳು ಅಡಗುವುದೂ ಈ ಕಾರಣದಿಂದಲೇ.