ಹೊಸ ರುಚಿಗೆ ತಾಟಿನಲ್ಲಿ ಜಾಗವಿದೆಯೇ?

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಭೂಮಿಯ ಮನೆಗಳಲ್ಲಿ ಊಟವೆಂದರೆ ರೊಟ್ಟಿ. ಬಿಳಿಜೋಳದ ಹಿಟ್ಟು, ಕುದಿಯುವ ನೀರು, ಬಡಿಯುವ ಕೈ ಇದ್ದರೆ ಸಾಕು. ಜ್ವರ ಬಿಟ್ಟವನಿಗೂ ದೂರದಿಂದ ಊರಿಗೆ ಮರಳಿದವನಿಗೂ ಮೊದಲು ನೆನಪಾಗುವುದು ಅದೇ. ಇಂಥ ಮನೆಯಲ್ಲಿ ಸೊಸೆಯೊಬ್ಬಳು ಒಂದು ದಿನ ಬೀಟ್‌ರೂಟ್ ಬೆರೆಸಿದ ಕೆಂಪು ರೊಟ್ಟಿಯನ್ನೋ, ಪಾಲಕ ಅರೆದು ಹಾಕಿದ ಹಸಿರು ರೊಟ್ಟಿಯನ್ನೋ ಬಡಿಸಿದಳೆನ್ನಿ. "ಇದು ರೊಟ್ಟಿ ಏನವಾ?" ಎಂದು ಅತ್ತೆ ತಾಟು ಸರಿಸಿಬಿಡುತ್ತಾರೆ. ಸಣ್ಣ ಸಂಗತಿಯೆಂದು ನಾವು ನಗಬಹುದು. ಆದರೆ ಆ ತಾಟಿನ ಜೊತೆಗೆ ಬಡಿಸಿದವಳ ಮನಸ್ಸೂ ದೂರ ಸರಿಯುತ್ತದೆ.

ಅತ್ತೆಯ ಮಾತಿನಲ್ಲಿಯೂ ಅರ್ಥವಿದೆ. ಜೋಳಕ್ಕೆ ಗೋಧಿಯಲ್ಲಿರುವಂಥ ಜಿಗಿಯಿಲ್ಲ. ಆದ್ದರಿಂದ ಕುದಿನೀರು ಹಾಕಿ, ಚೆನ್ನಾಗಿ ನಾದಿ, ಅಂಗೈಯಿಂದಲೇ ತಿರುಗಿಸುತ್ತಾ ಬಡಿಯಬೇಕು. ಅಂಚು ಹರಿಯದ ತೆಳು ರೊಟ್ಟಿ ಬರಲು ವರ್ಷಗಟ್ಟಲೆ ರೂಢಿ ಬೇಕು. ಆ ರುಚಿಯಲ್ಲಿ ತಾಯಿಯ ಕೈಯಿದೆ, ಕಷ್ಟದ ದಿನಗಳ ನೆನಪಿದೆ. ಅದನ್ನು ಕಾಪಾಡಿಕೊಂಡು ಬಂದವರನ್ನು ಹಳೇ ಕಾಲದವರೆಂದು ಜರೆಯುವುದು ನ್ಯಾಯವಲ್ಲ.

ಆದರೂ ಅತ್ತೆಯ ತಾಟನ್ನೇ ಒಮ್ಮೆ ನೋಡೋಣ. ಕೆಂಪು ಖಾರದ ಮೆಣಸಿನಕಾಯಿ ಅಮೆರಿಕ ಖಂಡದ್ದು. 1498ರಲ್ಲಿ ಪೋರ್ಚುಗೀಸರು ನಮ್ಮ ದೇಶದ ಕರಾವಳಿ ಮುಟ್ಟಿದ ಮೇಲೆಯೇ ಅದು ಇಲ್ಲಿಗೆ ಬಂದದ್ದು. ಅಲ್ಲಿಯವರೆಗೆ ಖಾರಕ್ಕೆ ಕಾಳುಮೆಣಸು, ಶುಂಠಿಗಳೇ ಗತಿ. ಚಟ್ನಿಯ ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಜೋಳದ ತವರು ಆಫ್ರಿಕ. ಸುಮಾರು 5000 ವರ್ಷಗಳ ಹಿಂದೆ ಇಂದಿನ ಸುಡಾನಿನ ಪೂರ್ವ ಭಾಗದಲ್ಲಿ ಜನ ಅದನ್ನು ಬೆಳೆಯುತ್ತಿದ್ದ ಕುರುಹುಗಳು ಸಿಕ್ಕಿವೆ. ತಾಟಿನಲ್ಲಿರುವುದೆಲ್ಲ ಒಂದು ಕಾಲಕ್ಕೆ ಪರದೇಶಿಯೇ! ಯಾರೋ ಒಬ್ಬ ಅವ್ವ ಮೊದಲ ಬಾರಿಗೆ ಆ ಕೆಂಪು ಕಾಯಿಗೆ ಉಪ್ಪು ಹಾಕಿ ಅರೆದಾಗ ಮನೆಯವರು ಮುಖ ಸಿಂಡರಿಸಿರಬಹುದು. ಒಬ್ಬರಾದರೂ ಒಂದು ತುತ್ತು ತಿಂದದ್ದರಿಂದ ಖಾರ ನಮ್ಮದಾಯಿತು. ಹಬ್ಬಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡುವ ಹಿರಿಯರೂ ದಿನನಿತ್ಯದ ರೊಟ್ಟಿಯನ್ನು ಬದಲಿಸಿದವರೇ ಅಲ್ಲವೇ?

ಹಾಗೆಂದು ಹೊಸದೆಲ್ಲ ಒಳ್ಳೆಯದೇ? ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಜೋಳದ ಬಿಸ್ಕತ್ತು, ಜೋಳದ ನೂಡಲ್ಸ್ ಪೇಟೆಗೆ ಬಂದಿವೆ. ರೊಟ್ಟಿ ಒಲ್ಲೆನೆನ್ನುವ ಮಗು ಹೀಗಾದರೂ ಜೋಳ ತಿಂದರೆ ಸಂತೋಷ. ಆದರೆ ದಿನಕ್ಕೊಂದು ರುಚಿ ಕೇಳುವ ನಾಲಿಗೆಗೆ ತೃಪ್ತಿಯೆಂಬುದಿಲ್ಲ. ಹಳೆಯದಕ್ಕೇ ಅಂಟಿಕೊಂಡ ನಾಲಿಗೆಗೂ ಅದೇ ರೋಗ. ಮರುಭೂಮಿಯಲ್ಲಿ ಇಸ್ರಯೇಲರು ಮನ್ನದಿಂದ ಬೇಸತ್ತು, ಈಜಿಪ್ಟಿನಲ್ಲಿ ತಿಂದ ಸೌತೆಕಾಯಿ, ಉಳ್ಳಾಗಡ್ಡಿಗಳನ್ನು ನೆನೆದು ಅತ್ತರು. ಅಲ್ಲಿನ ಗುಲಾಮಗಿರಿ ಮರೆತೇ ಹೋಗಿತ್ತು! ತಪ್ಪು ಹಳೆಯ ರುಚಿಯದೂ ಅಲ್ಲ, ಹೊಸ ರುಚಿಯದೂ ಅಲ್ಲ. ಎದುರಿಗಿದ್ದ ಅನ್ನಕ್ಕೆ ಕೃತಜ್ಞತೆ ಇಲ್ಲದೆ ಹೋದದ್ದೇ ತಪ್ಪು.

ಹಾಗಾದರೆ ರುಚಿಸದಿದ್ದರೂ "ಭಾಳ ಚಲೋ ಆಗೈತಿ" ಎಂದು ಸುಳ್ಳಾಡಬೇಕೇ? ಬೇಡ. ಸುಳ್ಳು ಹೊಗಳಿಕೆಯನ್ನು ನಂಬಿದ ಸೊಸೆ ಮರುದಿನವೂ ಅದನ್ನೇ ಬಡಿಸುತ್ತಾಳೆ; ನಾಲ್ಕನೆಯ ದಿನ ಸತ್ಯವು ಸಿಟ್ಟಾಗಿ ಹೊರಬೀಳುತ್ತದೆ. ಒಂದು ತುತ್ತು ಮನಸ್ಸಿಟ್ಟು ತಿಂದು, "ನನ್ನ ಬಾಯಿಗೆ ಇನ್ನೂ ರೂಢಿ ಇಲ್ಲವಾ, ಆದರ ನೀ ಭಾಳ ಕಾಳಜಿಲೆ ಮಾಡೀದಿ" ಎಂದರೆ ಸತ್ಯವೂ ಉಳಿಯಿತು, ಪ್ರೀತಿಯೂ ಉಳಿಯಿತು. ಸೊಸೆಗೂ ಕರ್ತವ್ಯವಿದೆ. ಹೊಸದನ್ನು ಮಾಡುವ ದಿನ ಬುಟ್ಟಿಯಲ್ಲಿ ಎರಡು ಬಿಳಿ ರೊಟ್ಟಿಯನ್ನೂ ಇಡಲಿ. ಅತ್ತೆಯ ಪಕ್ಕದಲ್ಲಿ ಕುಳಿತು ಅವರಂತೆ ಬಡಿಯುವುದನ್ನೂ ಕಲಿಯಲಿ. ಆ ಕೈಯ ಹದ ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಅತ್ತೆ ಇರುವಾಗಲೇ ಕಲಿಯಬೇಕು.

ಪ್ರಿಯ ಓದುಗರೇ, ಅಪರಿಚಿತ ರುಚಿಯೊಂದು ನಿಮ್ಮ ತಾಟಿಗೆ ಬಂದಾಗ ಮೊದಲು ಬಡಿಸಿದವರ ಮುಖ ನೋಡಿ, ಆಮೇಲೆ ರೊಟ್ಟಿ ಮುರಿಯಿರಿ. ಇಷ್ಟವಾಗದಿದ್ದರೆ ನಾಳೆ ಬಿಳಿ ರೊಟ್ಟಿ ಇದ್ದೇ ಇದೆ. ಇಂದು ಮಾತ್ರ ಎಲ್ಲರೂ ಜೊತೆಗೆ ಕುಳಿತು ಉಣ್ಣಿರಿ.